ನಡುಬೀದಿಯಲ್ಲಿ ಹೊಸೆದ ಹಗ್ಗ

ಹಗ್ಗ ಹೊಸೆಯುವವನು ಹಿಂದೆ ತಿರುಗಿ ನೋಡುವಂತಿಲ್ಲ. ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಬೆರಳಲ್ಲಿ ಎಳೆ ಬಿಡುತ್ತ, ಹಿಂದಹಿಂದಕ್ಕೆ ನಡೆಯುವುದೇ ಅವನ ಕಸುಬು. ಅದಕ್ಕೇ ಊರವರು ಈ ಸಾಧುಪ್ರಾಣಿಗೆ 'ಹಿಮ್ಮುಖ' ಅಂತ ಹೆಸರಿಟ್ಟಿದ್ದರು. ಅವನ ಎದುರಿಗೆ, ಬಯಲಿನ ಆ ತುದಿಯಲ್ಲಿ, ರಾಟೆ ತಿರುಗಿಸುತ್ತ ನಿಲ್ಲುವವಳು ಅವನ ಹೆಂಡತಿ. ಅವಳನ್ನು ಎಲ್ಲರೂ ಹಗ್ಗದಕ್ಕ ಅನ್ನುತ್ತಿದ್ದರು, ಸ್ವಲ್ಪ ಹೆದರಿಕೊಂಡೇ ಅನ್ನುತ್ತಿದ್ದರು.

ಬಯಲು ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದು. ಅಷ್ಟೇ ಸಾಕಾಯಿತು ನೋಡಿ! ಮೊದಲು ಯಾರೋ ಒಡೆದ ಬಕೆಟ್ ಎಸೆದರು. ಆಮೇಲೆ ಹೋಟೆಲಿನ ಸಾಹುಕಾರ ದಿನಾ ತಳ್ಳುಗಾಡಿ ತುಂಬ ಎಂಜಲು, ಪ್ಲಾಸ್ಟಿಕ್ಕು ಕಳಿಸತೊಡಗಿದ. ಕ್ಷೌರಿಕ, ದರ್ಜಿ, ಮೇಷ್ಟ್ರು, ಯಾರೂ ಹಿಂದೆ ಬೀಳಲಿಲ್ಲ. ಗುಡ್ಡೆ ಬೆಳೆದಂತೆ ಬಯಲು ಗಿಡ್ಡವಾಯಿತು, ಬಯಲಿನ ಜೊತೆ ಹಗ್ಗವೂ. ಒಂದು ದಿನ ಹಿಮ್ಮುಖನ ಹಿಮ್ಮಡಿಗೆ ಬಾಟಲಿ ಚೂರು ಹೊಕ್ಕಿತು. ರಕ್ತ ಒರೆಸಿಕೊಂಡು ಸುಮ್ಮನಾದ. ಜಗಳ ಅಂದರೆ ಅವನಿಗೆ ಆಗದು.

ಅಂಥ ಹೊತ್ತಿಗೆ ದೋಣಿಯವನು ಬಂದ. ಹೊಳೆಗೆ ಅಡ್ಡಲಾಗಿ ಕಟ್ಟಿರುವ ಹಗ್ಗ ಸವೆದುಹೋಗಿದೆ, ದೋಣಿ ಎಳೆಯುವುದೇ ಅದನ್ನು ಹಿಡಿದು. ದಡದಿಂದ ದಡಕ್ಕೆ ಒಂದೇ ಹಗ್ಗ ಈ ವಾರವೇ ಬೇಕು, ಆಗದಿದ್ದರೆ ನೈಲಾನು ತರುತ್ತೇನೆ ಅಂದ. ನೈಲಾನು ಒಮ್ಮೆ ಬಂತೆಂದರೆ ಇವರ ಬಾಗಿಲಿಗೆ ಮತ್ತೆ ಬರುವವರು ಯಾರು? ಬಯಲಿನಲ್ಲಿ ಅರ್ಧ ಹಗ್ಗಕ್ಕೂ ಜಾಗವಿರಲಿಲ್ಲ. ಎರಡು ತುಂಡು ಮಾಡಿ ಗಂಟು ಹಾಕೋಣವೇ ಅಂತ ಹಿಮ್ಮುಖ ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ಗಂಟು ಬಿಚ್ಕೊಂಡ್ರೆ? ದೋಣಿ ತುಂಬ ಮಕ್ಕಳುಮರಿ ಇರ್ತಾರೆ," ಅಂದಳು ಅವಳು.

ಮರುದಿನ ಬೆಳಗಾಗುತ್ತಲೇ ಆ ಮಹಾತಾಯಿ ರಾಟೆಯನ್ನು ಹೊತ್ತು ತಂದು ದೊಡ್ಡ ಬೀದಿಯ ತುದಿಯಲ್ಲಿ ಊರಿಬಿಟ್ಟಳು! ಭೂಮಿ ಬಾಯಿಬಿಡಬಾರದೇ ಅನಿಸಿತು ಹಿಮ್ಮುಖನಿಗೆ. ಆದರೂ ನಾರು ಸುತ್ತಿಕೊಂಡ. ಎರಡೂ ಕಡೆ ನಗು, ಕುಚೋದ್ಯ. ಅವಳ ಮುಖವೊಂದನ್ನೇ ನೋಡುತ್ತ ಹಿಂದಕ್ಕೆ ನಡೆದ. ದೂರವಾದಷ್ಟೂ ಮುಖ ಚಿಕ್ಕದಾಗುತ್ತಿತ್ತು, ಅವನ ಧೈರ್ಯವೆಲ್ಲ ಅಲ್ಲೇ ಇತ್ತು. ಎಂಥ ಹೆಣ್ಣಪ್ಪಾ ಇವಳು ಅಂದುಕೊಂಡ.

ಎಳೆಗಳು ಕೂಡಿ ದಪ್ಪ ಹಗ್ಗವಾಗುವಾಗ ಅದು ನಡುವೆ ಜೋತುಬಿತ್ತು. ಬಯಲಿನಲ್ಲಾದರೆ ಆಸರೆಗೆ ಕೋಲು ನೆಡಬಹುದು, ಕಲ್ಲು ಹಾಸಿದ ಬೀದಿಯಲ್ಲಿ ಎಲ್ಲಿ ನೆಡುವುದು? ಹಗ್ಗದಕ್ಕ ನಿಂತಲ್ಲಿಂದಲೇ ಕ್ಷೌರಿಕನನ್ನು ಕೂಗಿ ಸ್ವಲ್ಪ ಎತ್ತಿ ಹಿಡಿ ಅಂದಳು. ಆಮೇಲೆ ದರ್ಜಿಯನ್ನು, ಮೇಷ್ಟ್ರನ್ನು. ಹಿಡಿದವರು ಬಿಡುವ ಹಾಗಿಲ್ಲ, ಬಿಟ್ಟರೆ ಹುರಿಯೆಲ್ಲ ಹಾಳು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಗಿರಾಕಿಯೊಬ್ಬ ನೊರೆಮುಖದಲ್ಲೇ ಬಾಗಿಲಿಗೆ ಬಂದು ನಿಂತಿದ್ದ.

ಮಧ್ಯಾಹ್ನ ಹೋಟೆಲಿನ ಕಸದ ಗಾಡಿ ಬಂದು ಹಗ್ಗ ದಾಟಲಾಗದೆ ನಿಂತಿತು. ಸಾಹುಕಾರ ಧುಮುಗುಡುತ್ತ ಬಂದು, ಬೀದಿ ಏನು ನಿಮ್ಮಪ್ಪನದಾ ಅಂತ ರೇಗಿದ.

"ಎಲ್ಲರದು ಅಣ್ಣಾ, ಬಯಲಿನ ಹಾಗೇ," ಅಂದಳು ಹಗ್ಗದಕ್ಕ, ರಾಟೆ ನಿಲ್ಲಿಸದೆ. "ಅಲ್ಲಿ ನಿಮ್ಮ ಕಸ ಮಲಗಿದೆ. ಅದಕ್ಕೇ ನಾವು ಇಲ್ಲಿಗೆ ಬಂದ್ವಿ. ಅಲ್ನೋಡಿ, ಜೋತು ಬೀಳ್ತಿದೆ. ಒಂಚೂರು ಹಿಡ್ಕೊಳ್ಳಿ."

ಊರಿಗೆ ಊರೇ ನೋಡುತ್ತಿತ್ತು. ಸಾಹುಕಾರ ಅತ್ತಿತ್ತ ನೋಡಿ, ಅಂಗಿಯ ತೋಳು ಮಡಚಿ, ಹಿಡಿದ. ಅಂಗೈಯೊಳಗೆ ಹುರಿ ಹೊರಳುತ್ತ ಬಿಗಿಯಾಗತೊಡಗಿತು. ಅದು ಮುಗಿಯುವ ತನಕ ಅವನು ಹಿಡಿದ ಕೈ ಬಿಡಲಿಲ್ಲ.

ಸಂಜೆಯ ಹೊತ್ತಿಗೆ ಹಗ್ಗ ಸಿದ್ಧವಾಯಿತು. ಎಲ್ಲೂ ಒಂದು ಗಂಟಿಲ್ಲ. ದೋಣಿಯವನು ಅದನ್ನು ಸುತ್ತಿಕೊಳ್ಳುತ್ತ, ಮೂರು ಸಲ ಜಗ್ಗಿ ನೋಡಿ, ನೈಲಾನಿನ ಮಾತು ಮರೆತುಬಿಡಿ ಅಂದ. ಹಿಡಿದಿದ್ದವರೆಲ್ಲ ಕೈ ತಿಕ್ಕಿಕೊಂಡು ಉಸ್ಸೆಂದರು. ಇಲ್ಲಿಗೆ ಮುಗೀತಲ್ಲ ಅಂತ ಸಾಹುಕಾರ ಕೇಳಿದ.

ಹಗ್ಗದಕ್ಕ ಬಾಯಿ ತೆರೆಯುವ ಮೊದಲೇ ಬೀದಿಯ ಆ ಕೊನೆಯಿಂದ ದನಿಯೊಂದು ಬಂತು. ಹಿಮ್ಮುಖನಿಗೆ ಅಷ್ಟು ಗಟ್ಟಿ ದನಿ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅವನಿಗೂ.

"ನಾಳೆ ಇನ್ನೊಂದಿದೆ. ಇದಕ್ಕಿಂತ ಉದ್ದ."

ನಾಳೆಗೆ ಯಾವ ಹಗ್ಗವೂ ಇರಲಿಲ್ಲ. ಹೆಂಡತಿಗೆ ಅದು ಗೊತ್ತಿತ್ತು. ಅವಳು ಬಗ್ಗಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು ರಾಟೆ ಒರೆಸತೊಡಗಿದಳು. ಸಾಹುಕಾರ ಮೇಷ್ಟ್ರ ಮುಖ ನೋಡಿದ, ಮೇಷ್ಟ್ರು ದರ್ಜಿಯ ಮುಖ ನೋಡಿದರು. ಕೊನೆಗೆ ಸಾಹುಕಾರ ಗಾಡಿಯ ಕಸವನ್ನು ತನ್ನ ಬಾಗಿಲ ಮುಂದೆಯೇ ಸುರಿಸಿ, ಖಾಲಿ ಗಾಡಿಯನ್ನು ಬಯಲಿನ ಕಸದ ಗುಡ್ಡೆಯ ಕಡೆ ತಿರುಗಿಸಿದ. ದರ್ಜಿ ಗುದ್ದಲಿ ಹುಡುಕಲು ಒಳಗೆ ಹೋದ.