ಕಷಾಯಕ್ಕೆ ಮೊದಲು

ರೇಷ್ಮೆ ರವಿಕೆಗೆ ಕತ್ತರಿಸಿದ ಎರಡು ತೋಳುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗಲೇ ಭೂಮಿಕಾಳಿಗೆ ತಿಳಿದದ್ದು, ಎರಡೂ ಎಡಗೈಯವು ಎಂದು. ಗೃಹಪ್ರವೇಶಕ್ಕೆಂದು ಟೀಚರೊಬ್ಬರು ಕೊಟ್ಟಿದ್ದ ಬಟ್ಟೆ. ಬೇರೆ ತುಂಡಿರಲಿಲ್ಲ. ಪಕ್ಕದ ಮಿಷನ್ನಿನಲ್ಲಿ ಸೀರೆಯ ಅಂಚಿಗೆ ಪೀಕೋ ಮಾಡುತ್ತಿದ್ದ ನಜೀಮಾ ಎದ್ದು ಬಂದು ನೋಡಿದಳು. ಬೈಯಲಿಲ್ಲ. ಉಳಿದ ಚೂರುಗಳನ್ನು ಜೋಡಿಸಿ, ಸೇರಿಸಿದ ಗೆರೆಯ ಮೇಲೆ ಜರಿಯ ಪಟ್ಟಿ ಕೂರಿಸಿ, ಅದೊಂದು ಹೊಸ ಮಾದರಿಯೇ ಇರಬೇಕು ಎನ್ನುವ ಹಾಗೆ ಮಾಡಿಕೊಟ್ಟಳು.

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಇಬ್ಬರೂ ಸೇರಿ ಆ ಅಂಗಡಿ ಹಾಕಿ ಏಳು ವರ್ಷವಾಗಿತ್ತು. ಈ ಏಳು ವರ್ಷದಲ್ಲಿ ಭೂಮಿಕಾಳ ಕತ್ತರಿ ಒಮ್ಮೆಯೂ ತಪ್ಪಿರಲಿಲ್ಲ. ಮಗಳು ಹುಟ್ಟಿ ಎಂಟು ತಿಂಗಳಾದ ಮೇಲೆ ಕೈ ಅವಳ ಮಾತು ಕೇಳದಾಗಿತ್ತು. ಬಾಚಣಿಗೆಯ ತುಂಬ ಕೂದಲು. ಏಪ್ರಿಲ್ ಬಿಸಿಲಿನಲ್ಲೂ ಚಳಿ. ಸಂಜೆ ಬಸ್ಸಿನಲ್ಲಿ ಕೂತರೆ ತಾನಿಳಿಯುವ ಕೋಲಸಿರ್ಸಿ ದಾಟಿದ ಮೇಲೆ ಎಚ್ಚರ. ಈಚೆಗೆ ಅವಳು ಇಳಿಯುವುದನ್ನು ಮರೆತರೆ ಕೂಗಿ ಎಬ್ಬಿಸುವುದು ಕಂಡಕ್ಟರನಿಗೂ ರೂಢಿಯಾಗಿಬಿಟ್ಟಿತ್ತು.

ಅತ್ತೆ ಚೌಡಮ್ಮನಿಗೆ ಇದೆಲ್ಲ ಸೋಮಾರಿತನವಾಗಿಯೇ ಕಾಣುತ್ತಿತ್ತು. ಹಾಗೆಂದು ಅವಳು ಕೆಟ್ಟವಳಲ್ಲ. ದಿನವಿಡೀ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ಮನೆಗೆಲಸ ಮಾಡುವವಳು, ಸೊಸೆಯ ಬಾಣಂತನವನ್ನು ಒಂದು ದಿನವೂ ತಪ್ಪದೆ ನಡೆಸಿದವಳು. ಮೂರು ಮಕ್ಕಳನ್ನು ಹೆತ್ತು ಗದ್ದೆ ನಾಟಿ ಮಾಡಿದ ತನಗೆ ಬಾರದ ನಿದ್ದೆ, ಒಂದು ಹೆತ್ತು ಕುರ್ಚಿಯ ಮೇಲೆ ಕೂತು ಹೊಲಿಯುವವಳಿಗೆ ಯಾಕೆ ಬರಬೇಕು ಎಂಬುದು ಅವಳ ಪ್ರಶ್ನೆ. ಅದನ್ನು ಸೊಸೆಯ ಎದುರಿಗೇ ಕೇಳುತ್ತಿದ್ದಳು. ಒಳಗೊಳಗೇ ಭೂಮಿಕಾಳಿಗೂ ಅದೇ ಅನುಮಾನ ಇತ್ತು.

ತೋಳು ಕೆಟ್ಟ ಮರುದಿನ ನಜೀಮಾ ಅಂಗಡಿಗೆ ಬೀಗ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ರಕ್ತದ ವರದಿ ನೋಡಿದ ಡಾಕ್ಟರಮ್ಮ, ಗಂಟಲಿನ ಥೈರಾಯ್ಡ್ ಗ್ರಂಥಿ ನಿಧಾನವಾಗಿದೆ, ಹೆರಿಗೆಯ ನಂತರ ಕೆಲವರಿಗೆ ಹೀಗಾಗುತ್ತದೆ ಎಂದರು. ದಿನಕ್ಕೊಂದು ಮಾತ್ರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಮೊಲೆಹಾಲು ಕುಡಿಸಲು ಅಡ್ಡಿಯಿಲ್ಲ. ಆರು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷೆ. ಭೂಮಿಕಾಳಿಗೆ ಹೆದರಿಕೆಯಾಗಬೇಕಿತ್ತು. ಆದದ್ದು ಸಮಾಧಾನ. ಇದಕ್ಕೊಂದು ಹೆಸರಿದೆ, ಆ ಹೆಸರು ಸೋಮಾರಿತನ ಅಲ್ಲ.

ಗಂಡ ಕಿರಣ ಲೈನ್‌ಮನ್. ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಂಡ. ಮಾತ್ರೆ ತಪ್ಪಿಸಬೇಡ ಎಂದ. ಆದರೆ ಒಂದು ಮಾತು ಸೇರಿಸಿದ.

“ಅಮ್ಮಂಗೆ ಮಾತ್ರ ಹೇಳಬ್ಯಾಡ ಮಾರಾಯ್ತಿ. ಮಾತ್ರೆ ಎಲ್ಲಾ ಹಾಲಲ್ಲಿ ಇಳೀತೈತೆ ಅಂತ ನಾಳೆನೇ ಮಗೂನ ಮೊಲೆ ಬಿಡಿಸ್ತಾಳೆ.”

ಅದು ನಿಜವೇ. ಬಾಣಂತಿ ನುಂಗಿದ್ದೆಲ್ಲ ಕೂಸಿನ ಹೊಟ್ಟೆಗೆ ಎಂದು ನಂಬಿದ್ದ ಚೌಡಮ್ಮ, ತಲೆನೋವಿಗೂ ಸೊಸೆಗೆ ಮಾತ್ರೆ ಕೊಟ್ಟವಳಲ್ಲ. ಮಗು ಇನ್ನೂ ಬೆಳಿಗ್ಗೆ ಸಂಜೆ ತಾಯಿಯ ಹಾಲನ್ನೇ ನೆಚ್ಚಿಕೊಂಡಿತ್ತು. ದಿನವಿಡೀ ಅಗಲಿರುವ ಭೂಮಿಕಾಳಿಗೂ ಮಗಳು ತನ್ನವಳಾಗಿ ಸಿಗುತ್ತಿದ್ದದ್ದು ಆ ಎರಡು ಹೊತ್ತು ಮಾತ್ರ. ಅದನ್ನು ಕಳೆದುಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ಹಾಗಾಗಿ ಮಾತ್ರೆ ಕಳ್ಳತನದಲ್ಲಿ ಶುರುವಾಯಿತು. ಆ ಮನೆಯಲ್ಲಿ ಬೆಳಗಾಗುವುದೇ ಕಷಾಯದಿಂದ. ಕೊತ್ತಂಬರಿ, ಜೀರಿಗೆ, ಮೆಂತೆ ಹುರಿದ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕುದಿಸಿ, ಮೇಲೆ ಗಟ್ಟಿ ಹಾಲು ಬಿಟ್ಟು, ದೊಡ್ಡ ಲೋಟದಲ್ಲಿ ಚೌಡಮ್ಮ ತಾನೇ ತಂದು ಕೊಡುತ್ತಿದ್ದಳು. ಕುಡಿದು ಮುಗಿಯುವವರೆಗೆ ಎದುರಿಗೇ ನಿಂತಿರುತ್ತಿದ್ದಳು. ಭೂಮಿಕಾ ಮಾತ್ರೆಯನ್ನು ಮುಷ್ಟಿಯಲ್ಲಿ ಹಿಡಿದು ಬಂದು, ಅತ್ತೆ ಒಲೆಯ ಕಡೆ ತಿರುಗಿದ ಗಳಿಗೆಯಲ್ಲಿ ಬಾಯಿಗೆ ಹಾಕಿಕೊಂಡು ಕಷಾಯದ ಗುಟುಕಿನಲ್ಲಿ ಇಳಿಸಿಬಿಡುತ್ತಿದ್ದಳು. ತಿಂಡಿಯಂತೂ ಆಮೇಲೆ ಎಂಟೂವರೆಗೆ. ಒಂದು ದಿನವೂ ತಪ್ಪಲಿಲ್ಲ.

ಆರು ವಾರ ಕಳೆದು ಹೊಸ ವರದಿ ಬಂತು. ಅಂಕಿ ಇದ್ದಲ್ಲೇ ಇತ್ತು. ಚೀಟಿಯಲ್ಲಿ ಮಾತ್ರೆಯ ಪ್ರಮಾಣ ಏರಿಸಲು ಹೊರಟ ಡಾಕ್ಟರಮ್ಮ ಪೆನ್ನು ನಿಲ್ಲಿಸಿ, ಹೇಗೆ ತಗೊಳ್ತೀರಿ ಎಂದು ಕೇಳಿದರು.

“ಖಾಲಿ ಹೊಟ್ಟೇಲೇ ಮೇಡಂ. ಬೆಳಿಗ್ಗೆ ಕಷಾಯದ ಜೊತೆ.”

“ಹಾಲು ಹಾಕಿದ ಕಷಾಯಾನಾ?”

“ಹಾಲಿಲ್ಲದೆ ಎಂತಾ ಕಷಾಯ ಮೇಡಂ?”

ಡಾಕ್ಟರಮ್ಮ ನಕ್ಕರು. ಈ ಕಡೆಯ ಅರ್ಧ ಜನ ಕಷಾಯವನ್ನು ಹೊಟ್ಟೆಗೆ ಹೋದದ್ದರ ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂದರು. ಹಾಲಿನ ಜೊತೆ ಹೋದರೆ ಈ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಒಂದು ತಾಸು ಏನನ್ನೂ ಮುಟ್ಟಬಾರದು. ಪ್ರಮಾಣ ಏರಿಸದೆ ಹಳೆಯ ಮಾತ್ರೆಯನ್ನೇ ಮುಂದುವರಿಸಲು ಬರೆದುಕೊಟ್ಟರು.

ಒಂದು ತಾಸು. ಎದುರಿಗೆ ನಿಂತ ಅತ್ತೆಯ ಕೈಯ ಲೋಟವನ್ನು ಒಂದು ತಾಸು ತಡೆಯುವುದೆಂದರೆ ಬಾಯಿ ಬಿಡಲೇಬೇಕು. ಅಂಗಡಿಗೆ ಬಂದು ಭೂಮಿಕಾ ಸುಮ್ಮನೆ ಕೂತಳು. ನಜೀಮಾ ದಾರ ಕಚ್ಚಿ ತುಂಡು ಮಾಡುತ್ತ, ಯಲ್ಲಾಪುರದ ತನ್ನ ಅಮ್ಮಿಗೆ ಹನ್ನೊಂದು ವರ್ಷದಿಂದ ಇದೇ ಮಾತ್ರೆ ಎಂದಳು. ಡಬ್ಬಿ ನೀರಿನ ಕೊಡದ ಪಕ್ಕದಲ್ಲೇ ಇರುತ್ತದೆ. ರಂಜಾನಿನಲ್ಲಿ ನಸುಕಿನ ಸಹರಿಯ ಊಟಕ್ಕೆ ಮೊದಲೇ ಎದ್ದು ನುಂಗುತ್ತಾರೆ. ಅಮ್ಮಿ ಮರೆತರೆ ಮೊಮ್ಮಕ್ಕಳು ನೆನಪಿಸುತ್ತವೆ.

“ನೀನು ಕದ್ದು ನುಂಗಿದ್ದು ಮೈಗೂ ಹತ್ತಲಿಲ್ಲ, ಮನೆಯವರಿಗೂ ಗೊತ್ತಾಗಲಿಲ್ಲ. ಯಾರಿಗೆ ಉಪಯೋಗ ಆಯ್ತು ಭೂಮಿ?” ಎಂದಳು.

ಮರುದಿನ ಬೆಳಿಗ್ಗೆ ಚೌಡಮ್ಮ ಲೋಟ ಚಾಚಿದಾಗ ಭೂಮಿಕಾ ಕೈ ಚಾಚಲಿಲ್ಲ. ಮುಷ್ಟಿ ಬಿಚ್ಚಿ ಮಾತ್ರೆ ತೋರಿಸಿದಳು. ಏನು ಕಾಯಿಲೆ, ಯಾಕೆ ಮಾತ್ರೆ, ಯಾಕೆ ಒಂದು ತಾಸು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

“ಎಷ್ಟು ದಿನ ಆತು?”

“ಒಂದೂವರೆ ತಿಂಗಳು.”

“ನಾನು ಮಾಡಿಕೊಟ್ಟ ಕಷಾಯದಲ್ಲೇ ನುಂಗಿದ್ಯಾ? ನನ್ನ ಎದುರಿಗೇ?” ಚೌಡಮ್ಮನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. “ಮಗೂಗೆ ಇಳೀತೈತಲ್ಲೆ ಅದು.”

“ಡಾಕ್ಟರನ್ನ ಕೇಳಿದೀನಿ ಅತ್ತೆ. ನನ್ನ ಮೈಯಲ್ಲಿ ಕಡಿಮೆ ಆಗಿದ್ದನ್ನ ತುಂಬ್ತೈತೆ ಅಷ್ಟೆ, ಮಗೂಗೆ ಎಂತದೂ ಆಗ್ತಿಲ್ಲಂತೆ. ಬೇಕಾದ್ರೆ ನೀವೇ ಬಂದು ಕೇಳಿ. ಮಗೂನ ದಿನಾ ಎತ್ತಿ ಆಡಿಸೋರು ನೀವು. ಒಂದು ದಿನಾನಾದ್ರೂ ಅದು ಸೊರಗಿದ್ದು ಕಂಡೀರಾ?”

ಚೌಡಮ್ಮ ತೊಟ್ಟಿಲ ಕಡೆ ನೋಡಿದಳು. ಮಗು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ಸೇರಿಸುವ ಕೆಲಸದಲ್ಲಿತ್ತು.

“ನಂಗೆ ಸೋಮಾರಿತನ ಅಲ್ಲ ಅತ್ತೆ,” ಎಂದಳು ಭೂಮಿಕಾ. “ಕಾಯಿಲೆ. ಮುಖ ಊದೋದು, ಚಳಿ, ಕೂತಲ್ಲೇ ಮಂಪರು, ದನಿ ದಪ್ಪ ಆಗೋದು, ಎಲ್ಲಾ ಅದರದ್ದೇ.”

“ದನಿನೂ ದಪ್ಪ ಆಗ್ತೈತಾ?”

ಹೌದು ಎಂದಳು ಭೂಮಿಕಾ. ಚೌಡಮ್ಮ ಲೋಟಕ್ಕೆ ತಟ್ಟೆ ಮುಚ್ಚಿಟ್ಟು, ಕೊಡದಿಂದ ಒಂದು ಚೊಂಬು ನೀರು ತಂದು ಸೊಸೆಯ ಮುಂದೆ ಇಟ್ಟಳು. ಆ ದಿನ ಮಗುವನ್ನು ಎಂದಿನಂತೆ ತಾನೇ ಎತ್ತಿ ತಂದು ಹಾಲಿಗೆಂದು ತಾಯಿಯ ಮಡಿಲಿಗೆ ಹಾಕಿದಳು. ಭೂಮಿಕಾಳಿಗೆ ಅಷ್ಟು ಸಾಕಾಗಿತ್ತು.

ಆದರೆ ಚೌಡಮ್ಮನಿಗೆ ಸಾಕಾಗಿರಲಿಲ್ಲ. ಎರಡು ದಿನ ಮಂಕಾಗಿ ಓಡಾಡಿದಳು. ಮೂರನೆಯ ದಿನ ಅಕ್ಕಿ ಆರಿಸುತ್ತ ತನ್ನ ತಂಗಿ ಪಾರ್ವತವ್ವನ ಮಾತು ತೆಗೆದಳು. ಪಾರ್ವತವ್ವನನ್ನು ಅಲ್ಲೇ ಹತ್ತಿರದ ಬಿಳಗಿಗೆ ಕೊಟ್ಟಿದ್ದರು. ಎರಡನೆಯ ಹೆರಿಗೆಯ ಮೇಲೆ ಅವಳೂ ಹೀಗೇ ಆದಳಂತೆ. ಮುಖ ಊದಿ, ದನಿ ಗಂಡಸಿನಂತಾಗಿ, ಒಲೆಯ ಮುಂದೆ ಕೂತಲ್ಲೇ ತೂಗುತ್ತಿದ್ದಳಂತೆ. ಗಂಡನ ಮನೆಯವರು ದೂರು ತಂದಾಗ ತವರಿನಿಂದ ಹೋಗಿ ಎಲ್ಲರೆದುರು ತಂಗಿಯನ್ನು ಬೈದು ಬಂದವಳು ಚೌಡಮ್ಮನೇ. ಆಗ ಬಿದ್ದ ಹೆಸರನ್ನು ಊರು ಇವತ್ತಿಗೂ ಬಿಟ್ಟಿಲ್ಲ.

“ಈಗ ತೋರಿಸಿದ್ರೆ ಗೊತ್ತಾಗ್ತೈತಾ?” ಎಂದು ಕೇಳಿದಳು.

“ಒಂದು ಸಿರಿಂಜು ರಕ್ತ ಅಷ್ಟೇ ಅತ್ತೆ.”

ಮುಂದಿನ ಬುಧವಾರ ಚೌಡಮ್ಮ ಮೊಮ್ಮಗಳನ್ನು ಮಗನ ಬಳಿ ಬಿಟ್ಟು ಮೊದಲ ಬಸ್ಸಿಗೆ ಬಿಳಗಿಗೆ ಹೋಗಿ, ಹತ್ತು ಗಂಟೆಯ ಹೊತ್ತಿಗೆ ತಂಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಬಂದಳು. ಭೂಮಿಕಾ ಅಂಗಡಿಯಿಂದ ಓಡಿ ಬಂದು ಸೇರಿಕೊಂಡಳು. ಬಿಸಿಲಿಗೆ ಜನ ಬೀಸಣಿಗೆಯ ಹಾಗೆ ಪೇಪರು ಆಡಿಸುತ್ತಿದ್ದರೆ ಪಾರ್ವತವ್ವ ಉದ್ದ ತೋಳಿನ ಸ್ವೆಟರು ಹಾಕಿಕೊಂಡು ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದಳು. ರಕ್ತ ತೆಗೆಯುವ ಹುಡುಗಿ ಹೆಸರು, ವಯಸ್ಸು ಬರೆದುಕೊಂಡು ಏನು ತೊಂದರೆ ಎಂದು ಕೇಳಿದಳು.

ಪಾರ್ವತವ್ವ ಊರಿನ ಹೆಸರು ಹೇಳುವಷ್ಟೇ ಸಹಜವಾಗಿ ಹೇಳಿದಳು. “ತೊಂದರೆ ಎಂತದೂ ಇಲ್ಲ ತಂಗಿ. ನಾನು ಮೊದಲಿಂದ್ಲೂ ಸೋಮಾರಿ.”

ಹುಡುಗಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಚೌಡಮ್ಮ ಹಿಂದಿನಿಂದ ಮುಂದಕ್ಕೆ ಬಂದಳು.

“ಅದನ್ನ ಬರೀಬ್ಯಾಡಿ. ಹಂಗೆ ಹೆಸರಿಟ್ಟಿದ್ದು ನಾನು,” ಎಂದಳು. “ಮೂವತ್ತು ವರ್ಷದಿಂದ ಚಳಿ ಅಂತಿದಾಳೆ. ಅದನ್ನ ಬರೀರಿ.”

ಮತ್ತೆ ತಂಗಿಯ ಮುಂದೆ ಬಗ್ಗಿ, ಅವಳ ಸ್ವೆಟರಿನ ತೋಳನ್ನು ಒಂದೊಂದೇ ಮಡಿಕೆಯಾಗಿ ಮೇಲಕ್ಕೆ ಸರಿಸತೊಡಗಿದಳು.