ನೆಟ್ಟಗೆ ಮಾಡಿದ ಹಾಡು

"ಇದು ನನ್ನ ಕೈ ಅಲ್ಲೋ ರಾಜಣ್ಣ! ಯಾರ್ದೋ ಕೈ ತಂದು ಹಚ್ಚೀದಿ. ಸುಳ್ಳ ಹೇಳಬ್ಯಾಡ!"

"ನಿಂದೇ ಕಣಯ್ಯ ಬಸವಂತಪ್ಪ. ಕಂಪ್ಯೂಟರಲ್ಲಿ ಸ್ವಲ್ಪ ನೆಟ್ಟಗೆ ಮಾಡಿದೀನಿ ಅಷ್ಟೆ," ಎಂದ ರಾಜಗೋಪಾಲ.

"ಯಾಕ, ನನ್ನ ಕೈ ಏನ್ ಸೊಟ್ಟ ಐತೇನು?"

"ಸೊಟ್ಟ ಅಂತ ಯಾರಂದ್ರು? ಅಲ್ಲಲ್ಲಿ ಸ್ಲೋ ಆಗ್ತೀಯ. ಈಗ ಎಲ್ರೂ ಹೀಗೇ ರೆಕಾರ್ಡ್ ಮಾಡೋದು."

ನಾನು ಡ್ರಮ್ಸಿನ ಕೋಲುಗಳನ್ನು ನೆಲಕ್ಕೆ ಬಿಸಾಡಿದೆ. ಅದು ಮೆಡೋವೇಲಿನಲ್ಲಿ ರಾಜಗೋಪಾಲನ ಮನೆಯ ಬೇಸ್‌ಮೆಂಟು. ಹನ್ನೆರಡು ವರ್ಷಗಳ ನಂತರ ಮತ್ತೆ ಸೇರಿ ಮಾಡಿದ ಹಾಡನ್ನು, ಆ ಭಾನುವಾರ ಮಧ್ಯಾಹ್ನ, ನಾವು ನಾಲ್ವರೂ ಒಟ್ಟಿಗೆ ಮೊದಲ ಸಲ ಕೇಳುತ್ತಿದ್ದೆವು. ಮರುದಿನ ಅದು ಸಿ.ಡಿ. ಮಾಡುವವನ ಕೈಗೆ ಹೋಗಬೇಕಿತ್ತು. ಹೋಗುವುದಾದರೆ ನಾನು ಬಾರಿಸಿದ್ದೇ ಹೋಗಬೇಕು, ಇಲ್ಲದಿದ್ದರೆ ಹಾಡೇ ಬೇಡ. ನಾನು ಕೇಳಿದ್ದು ಅಷ್ಟೇ.

ನಮ್ಮ ಬ್ಯಾಂಡಿನ ಹೆಸರು 'ಏಳರಾಟ'. ೧೯೯೦ರಲ್ಲಿ ರೆಕ್ಸ್‌ಡೇಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ ಶುರುವಾಯಿತು. ರಾಜಗೋಪಾಲ ಮೈಸೂರಿನ ಇಂಜಿನಿಯರು, ಕೀಬೋರ್ಡ್ ನುಡಿಸುವವನು. ಅವನಿಗೆ ಪ್ರೋಗ್ರೆಸಿವ್ ರಾಕ್ ಹುಚ್ಚು. ಹಾಡು ಎಂದರೆ ಇಪ್ಪತ್ತು ನಿಮಿಷ ಇರಬೇಕು, ನಡುನಡುವೆ ತಾಳ ಬದಲಾಗಬೇಕು, ಕೇಳುವವನಿಗೆ ಚಪ್ಪಾಳೆ ಎಲ್ಲಿ ತಟ್ಟಬೇಕೆಂದು ತಿಳಿಯಬಾರದು. ಗಿಟಾರಿಗೆ ದೂರದ ವಿಟ್ಬಿಯಿಂದ ನಿಜಲಿಂಗಪ್ಪ ಬರುತ್ತಿದ್ದ. ಹಾಡುವವರು ವೇದಾ, ಬೆಂಗಳೂರಿನವರು, ನಮ್ಮೆಲ್ಲರಿಗಿಂತ ಹಿರಿಯರು. ನಾನು ಊರ ಶಾಲೆಯಲ್ಲಿ ಏಳನೇ ಇಯತ್ತೆ ಮುಗಿಸಿದವನು. ಹೆಂಡತಿ ನರ್ಸ್ ಕೆಲಸಕ್ಕೆಂದು ಈ ದೇಶಕ್ಕೆ ಬಂದಳು, ಅವಳ ಹಿಂದೆ ಬಂದು ಪ್ಲಾಸ್ಟಿಕ್ ಕಾರ್ಖಾನೆ ಸೇರಿದೆ. ಊರ ಭಜನೆಯಲ್ಲಿ ಡೋಲಕ್ ಬಾರಿಸಿದ್ದು ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ. ಏಳು ಮಾತ್ರೆಯ ತಾಳದಲ್ಲಿ ನನಗೆ ಎಣಿಕೆ ತಪ್ಪುತ್ತಿತ್ತು. ಆದ್ದರಿಂದ ಎಣಿಸುವುದು ಬಿಟ್ಟು ವೇದಾ ಅವರ ಬಾಯಿ ನೋಡುತ್ತಿದ್ದೆ. ಅವರು ಉಸಿರು ಎಳೆದಾಗ ಕೈ ತಡೆಯುವುದು, ಹಾಡಿದಾಗ ಬಿಡುವುದು.

ಎರಡು ಕ್ಯಾಸೆಟ್ ತಂದೆವು. ಕೊಂಡವರಿಗಿಂತ ಬೈದವರು ಹೆಚ್ಚು. ೧೯೯೬ರಲ್ಲಿ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ನಾವು ಇನ್ನೂ ಅರ್ಧ ಹಾಡಿನಲ್ಲಿದ್ದಾಗ ಜನ ಎದ್ದು ಊಟದ ಸಾಲಿಗೆ ಹೋದರು. ಯಾರೋ ಮೈಕು ಆರಿಸಿದರು. ಆ ಜಗಳದಲ್ಲಿ ಬ್ಯಾಂಡ್ ಮುರಿಯಿತು. ಮೊದಲು ಬಿಟ್ಟವರು ಯಾರು ಎಂದು ಕೇಳಿದರೆ ನಾಲ್ವರೂ ನಾಲ್ಕು ಹೆಸರು ಹೇಳುತ್ತೇವೆ. ಈ ವರ್ಷ, ೨೦೦೮ರಲ್ಲಿ, ಮತ್ತೆ ಸೇರೋಣ ಎಂದು ಮೊದಲು ಫೋನ್ ಮಾಡಿದವರು ವೇದಾ. ಅದರಲ್ಲಿ ಮಾತ್ರ ತಕರಾರಿಲ್ಲ.

"ನೆಟ್ಟಗ ಮಾಡೋಕಿಂತ ಮೊದಲಿಂದು ಐತಲ್ಲ, ಅದನ್ನ ಹಾಕು," ಎಂದೆ.

"ಬೇಡ ಬಿಡಯ್ಯ. ಟೈಮ್ ವೇಸ್ಟು."

"ಲೇ ಬಸಣ್ಣ, ಚಾ ಕುಡ್ದು ತಣ್ಣಗಾಗು. ನನ್ ಗಿಟಾರ್‌ಗೂ ಏನೋ ಮಾಡಿದಾನೆ, ನಾನು ಬಾಯಿ ಮುಚ್ಕೊಂಡಿಲ್ವಾ? ಮೊದಲಿಗಿಂತ ಚೆನ್ನಾಗಿದೆ ಅಂತ ಖುಷಿಯಾಗಿದೀನಿ," ಎಂದ ನಿಜಲಿಂಗಪ್ಪ.

"ಹಾಕ್ತೀಯೋ, ಕಂಪ್ಯೂಟರ್ ತಗೊಂಡು ಹೊರಗ ಸ್ನೋದಾಗ ಒಗೀಲೋ?"

ರಾಜಗೋಪಾಲ ವೇದಾ ಅವರ ಕಡೆ ನೋಡಿದ. ಯಾಕೆ ನೋಡಿದ ಎಂದು ನನಗೆ ಆಗ ಹೊಳೆಯಲಿಲ್ಲ.

"ಹಾಕೋ ರಾಜು," ಎಂದರು ಅವರು. "ಪಾಪ, ಅವರಿಗೂ ಸಮಾಧಾನ ಆಗ್ಲಿ."

ಹಾಕಿದ. ನನ್ನದೇ ಕೈ! ಅದೇ ಭಾರ, ಅದೇ ಎಳೆತ. ತೊಡೆ ತಟ್ಟಿಕೊಂಡು ಕೂತೆ. ಕೈ ತಡೆದ ಕಡೆಯೆಲ್ಲ ವೇದಾ ಅವರ ಉಸಿರು ಕೇಳುತ್ತಿತ್ತು. ಆದರೆ ಆ ಉಸಿರು ಬಹಳ ಉದ್ದವಿತ್ತು. ಸಾಲು ಮುಗಿಯುವ ಮೊದಲೇ ಬರುತ್ತಿತ್ತು. ಮೇಲಿನ ಸ್ವರಕ್ಕೆ ಹತ್ತಲು ಹೋಗಿ ಗಂಟಲು ನಡುವೆಯೇ ಒಡೆಯಿತು. ಸ್ವಲ್ಪ ಹೊತ್ತಿನ ಹಿಂದೆ ಕೇಳಿದ್ದರಲ್ಲಿ ಇದೊಂದೂ ಇರಲಿಲ್ಲ. ಆಗ ನಾನು ಡ್ರಮ್ಸು ಬಿಟ್ಟು ಬೇರೇನನ್ನೂ ಕೇಳಿಸಿಕೊಂಡಿರಲಿಲ್ಲ.

ರಾಜಗೋಪಾಲ ಹಾಡು ನಿಲ್ಲಿಸಿದ.

"ನನ್ನ ವಾಯ್ಸ್‌ಗೂ ಮಾಡಿದ್ಯಾ ರಾಜು?" ಎಂದು ಕೇಳಿದರು ವೇದಾ.

"ಅಲ್ಲಲ್ಲಿ ಶ್ರುತಿ ಸರಿ ಮಾಡ್ದೆ ಅಷ್ಟೆ ವೇದಾ. ಆಮೇಲೆ ಉಸಿರಿನ ಸದ್ದು ತೆಗ್ದೆ."

"ಈಗಷ್ಟೇ ಕೇಳ್ತಾ ಅಂದ್ಕೊಂಡೆ, ಪರವಾಗಿಲ್ಲ, ನಂಗಿನ್ನೂ ಬರತ್ತಲ್ಲ ಅಂತ."

ನನಗೆ ತಡೆಯಲಾಗಲಿಲ್ಲ. "ಬರತೈತ್ರೀ ವೇದಾಕ್ಕಾರ! ಇದ ಖರೇ ಹಾಡು. ಇದನ್ನ ಕಳಿಸೂಣು. ನಿಮ್ಮ ಉಸುರು ಎಲ್ಲಿ ಬಂತೋ ಅಲ್ಲಿ ನಾ ಕೈ ತಡದೀನಿ, ನೋಡ್ರಿ ಎಷ್ಟ್ ಚಲೋ ಕೂತೈತಿ!"

ಅವರು ನನ್ನನ್ನು ನೋಡಿ ನಕ್ಕರು. "ರಾಜು ಸರಿ ಮಾಡ್ತಾನೆ, ನೀವು ನಂಗೆ ಉಸಿರು ಸಿಗ್ಲಿ ಅಂತ ಕೈ ತಡೀತೀರ. ಎಲ್ಲಾ ನನಗೋಸ್ಕರ. ಅಲ್ವಾ?"

"ಹಂಗಲ್ರೀ..." ಎಂದೆ. ನಾನು ಹೊಗಳಿದ್ದೆ. ಅವರಿಗೆ ಅದು ಬೇರೆ ಹೇಗೆ ಕೇಳಿಸಿತು? ನಾನು ಬಾರಿಸಿದ್ದೇ ಬೇಕೆಂದು ಹಟ ಹಿಡಿದದ್ದು ತಪ್ಪೇ? ಅವರ ದನಿಯನ್ನು ಅವನು ಮುಚ್ಚಿಟ್ಟದ್ದು ಸರಿಯೇ?

ವೇದಾ ಎದ್ದು ಶಾಲು ಹೊದ್ದು ಮೆಟ್ಟಿಲು ಹತ್ತಿದರು. "ವೇದಾ, ಕೂತ್ಕೊಂಡು ಮಾತಾಡೋಣ," ಎಂದು ರಾಜಗೋಪಾಲ ಕೂಗಿದ. ಮೇಲೆ ಬೂಟು ಹಾಕಿಕೊಳ್ಳುವ ಸದ್ದಾಯಿತು, ಬಾಗಿಲು ಮುಚ್ಚಿತು, ಕಾರು ಹೊರಟಿತು.

"ಈಗ ಯಾವುದು ಕಳಿಸ್ಲಿ, ನೀನೇ ಹೇಳಯ್ಯ," ಎಂದ ರಾಜಗೋಪಾಲ. ಬೈಯಲು ಬಾಯಿ ತೆರೆದೆ, ಆದರೆ ಯಾರನ್ನು ಬೈಯಬೇಕೆಂದೇ ತಿಳಿಯಲಿಲ್ಲ. ಚಹಾ ಆರುವವರೆಗೂ ಕೂತೆವು. ಮರುದಿನ ಸಿ.ಡಿ. ಮಾಡುವವನ ಕೈಗೆ ಯಾವುದೂ ಹೋಗಲಿಲ್ಲ. ಮುಂದಿನ ಭಾನುವಾರವೂ ಮೂವರು ಕೂತೆವು. ವೇದಾ ಮತ್ತೆ ಬರಲಿಲ್ಲ.