ತುಂಬಿದ ಬಾಟಲಿ

ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿಯುವವಳಾದ್ದರಿಂದ ಎಲ್ಲರೂ ಅವಳನ್ನು ಗುಂಡಿ ಎಂದೇ ಕರೆಯುತ್ತಿದ್ದರು. ಅವಳನ್ನು ಕೆಲಸಕ್ಕೆ ಸೇರಿಸಿದ್ದು ಅಲ್ಲಿಯ ಸೂಪರ್‌ವೈಸರ್, ಅವಳ ಚಿಕ್ಕಮ್ಮ. ಕೆಲಸ ನಿಲ್ಲಬಾರದೆಂದು ಮಾಲೀಕರು ಶೌಚಾಲಯಕ್ಕೆ ಹಾಕಿಸಿದ್ದ ಬೀಗದ ಕೈ ಆಕೆಯ ಸೊಂಟದಲ್ಲೇ ನೇತಾಡುತ್ತಿತ್ತು. ಯಾರಾದರೂ ಕೇಳಿದರೆ, "ಈಗ್ತಾನೆ ಹೋಗ್ಬಂದ್ಯಲ್ಲೇ?" ಎಂದು ಇಡೀ ಹಾಲ್‌ಗೆ ಕೇಳುವಂತೆ ಗದರುವಳು. ನಾಚಿಕೆಯಿಂದ ಹುಡುಗಿಯರು ಕೇಳುವುದನ್ನೇ ಬಿಟ್ಟರು. ಆಮೇಲೆ ನೀರು ಕುಡಿಯುವುದನ್ನೂ ಬಿಟ್ಟರು.

ಒಂದು ಸಂಸ್ಥೆಯವರು ಬಂದು, ಹುಡುಗಿಯರ ಆರೋಗ್ಯದ ಬಗ್ಗೆ ಹುಡುಗಿಯರೇ ಸಂಶೋಧನೆ ಮಾಡಲಿ, ಪ್ರಶ್ನೆಯೂ ಅವರದೇ ಇರಲಿ ಎಂದರು. ಮಾಲೀಕರು ಸಂತೋಷದಿಂದ ಒಪ್ಪಿದರು. ಫೋಟೋ ಚೆನ್ನಾಗಿ ಬರುತ್ತದಲ್ಲ! ಗುಂಡಿ ಮತ್ತು ಗೆಳತಿಯರು ಎತ್ತಿಕೊಂಡ ಪ್ರಶ್ನೆ ಒಂದೇ: ಬೆಳಗ್ಗೆ ತುಂಬಿ ತಂದ ಬಾಟಲಿ ಸಂಜೆ ತುಂಬಿದ ಹಾಗೇ ಮನೆಗೆ ಹೋಗುವುದೇಕೆ? ದಿನಾ ಬೆಳಗ್ಗೆ ಪ್ರತಿ ಬಾಟಲಿಗೂ ನೀರಿನ ಮಟ್ಟಕ್ಕೆ ಕೆಂಪು ದಾರ ಕಟ್ಟಿ, ಸಂಜೆ ನೋಡಿದರು. ಉರಿಮೂತ್ರದ ಕಷ್ಟವನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿದರು. ಹೇಳಿದವಳೂ ಅತ್ತಳು, ಕೇಳಿದವಳೂ ಅತ್ತಳು. ಬೀಗದ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಸಂಸ್ಥೆಯವರಿಗೆ ಬರೆದುಕೊಟ್ಟರು.

ವರದಿಯ ದಿನ ಸಂಸ್ಥೆಯ ಅಧಿಕಾರಿ ಮೈಕ್ ಹಿಡಿದು, "ಹುಡುಗಿಯರಿಗೆ ನೀರಿನ ಮಹತ್ವದ ತಿಳಿವಳಿಕೆ ಸಾಲದು," ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮುಗಿಸಿದ. ಬೀಗದ ಸುದ್ದಿಯೇ ಇಲ್ಲ. ಮಾಲೀಕರು ತಲೆದೂಗಿದರು.

ಕೇಳುತ್ತಿದ್ದ ಗುಂಡಿಯ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಳು.

"ಸಾರ್, ಇದು ನಾವು ಬರ್ದಿದ್ದಲ್ಲ."

"ಕೂತ್ಕೊಳ್ಳೇ!" ಚಿಕ್ಕಮ್ಮ ಹಲ್ಲು ಕಚ್ಚಿದಳು. "ನಿನ್ ಕೆಲ್ಸದ ಜೊತೆ ನನ್ ಕೆಲ್ಸಾನೂ ಹೋಗುತ್ತೆ."

"ಹೋದ್ರೆ ಹೋಗ್ಲಿ ಚಿಕ್ಕಮ್ಮ."

ಅಂದುಬಿಟ್ಟ ಮೇಲೆ ಆ ಮಾತಿನ ಬೆಲೆ ಅವಳಿಗೆ ಹೊಳೆಯಿತು. ಮನೆಯಲ್ಲಿ ಒಲೆ ಉರಿಯುವುದೇ ಈ ಎರಡು ಸಂಬಳಗಳಿಂದ. ಆದರೂ ಕೂರಲಿಲ್ಲ. ತನ್ನ ಬಾಟಲಿ ಎತ್ತಿ ಗಟಗಟ ಕುಡಿದು, ಖಾಲಿಯಾದದ್ದನ್ನು ಮೇಜಿನ ಮೇಲೆ ಕುಕ್ಕಿದಳು. ಪಕ್ಕದವಳೂ ಕುಡಿದಳು, ಅವಳ ಹಿಂದಿನವಳೂ. ನೋಡನೋಡುತ್ತ ಇಡೀ ಹಾಲ್ ಕುಡಿಯತೊಡಗಿತು.

"ತಿಳಿವಳಿಕೆ ಬಂತು ಸಾರ್," ಗುಂಡಿ ಬಾಯಿ ಒರೆಸಿಕೊಂಡಳು. "ಇನ್ ಸ್ವಲ್ಪ ಹೊತ್ತಿಗೆ ಎಲ್ರಿಗೂ ಅವಸರ ಆಗುತ್ತೆ. ಬಾಗಿಲಿಗೆ ಬೀಗ ಇದೆ. ಅದ್ನೂ ಬರ್ಕೊಳ್ಳಿ."

ಮಾಲೀಕರು ಮುಖ ಕೆಂಪಗೆ ಮಾಡಿಕೊಂಡು ಚಿಕ್ಕಮ್ಮನ ಕಡೆ ತಿರುಗಿದರು. "ಏನಮ್ಮಾ ನೋಡ್ತಾ ನಿಂತಿದ್ದೀಯ? ಮಷಿನ್ ಹತ್ರ ಕಳ್ಸು ಇವರನ್ನ!"

ಚಿಕ್ಕಮ್ಮ ಕದಲಲಿಲ್ಲ. ಅವಳ ಬಾಟಲಿಗೂ ಬೆಳಗ್ಗೆ ಗುಂಡಿ ದಾರ ಕಟ್ಟಿದ್ದಳು. ನೀರು ಇನ್ನೂ ಆ ದಾರದ ಮಟ್ಟದಲ್ಲೇ ಇತ್ತು. ಬೀಗದ ಕೈ ಇಟ್ಟುಕೊಂಡವಳೇ ಪದೇ ಪದೇ ಎದ್ದು ಹೋದರೆ ಉಳಿದವರನ್ನು ಗದರುವುದು ಹೇಗೆ? ಹಾಗಾಗಿ ಆಕೆಯೂ ವರ್ಷಗಟ್ಟಲೆ ಬಾಯಾರಿಕೊಂಡೇ ನಿಂತಿದ್ದಳು.

ಅವಳು ಮುಚ್ಚಳ ತಿರುಗಿಸಿ, ನಿಧಾನವಾಗಿ, ಒಂದು ಹನಿಯೂ ಉಳಿಸದೆ ಕುಡಿದಳು. ಸೊಂಟದಿಂದ ಬೀಗದ ಕೈ ಬಿಚ್ಚಿಕೊಂಡು ಬಾಗಿಲ ಕಡೆ ನಡೆದಳು.

"ಎಲ್ರೂ ಸಾಲಾಗಿ ಬನ್ರೇ," ಎಂದಳು, ಇಡೀ ಹಾಲ್‌ಗೆ ಕೇಳುವಂತೆ. "ಮೊದ್ಲು ನಾನು."